ಕಲ್ಲೆಹದ ಶಾಸನವೂ ನಾಲ್ಕು ಪಟ್ಟಣಗಳ ಪ್ರಾಚೀನ ಸ್ಮಾರಕಗಳೂ

ದೇವಾಲಯವನ್ನಾಗಲಿ, ಬಸದಿಯನ್ನಾಗಲಿ, ಕೋಟೆಯನ್ನಾಗಲಿ ಕಟ್ಟಿಸಿದವರ ಹೆಸರನ್ನು ಲೋಕವು ಶಿಲೆಯ ಮೇಲೆ ಬರೆದಿಡುತ್ತದೆ. ಅದನ್ನು ನೂರಾರು ವರ್ಷಗಳ ಕಾಲ ಗುಡಿಸಿ, ದೀಪ ಹಚ್ಚಿ, ಸೋರುವ ಮಾಳಿಗೆಗೆ ಗಾರೆ ಹಾಕಿಸಿ ಉಳಿಸಿಕೊಂಡು ಬಂದವರ ಹೆಸರು ಬಹುಮಟ್ಟಿಗೆ ಎಲ್ಲಿಯೂ ದೊರೆಯುವುದಿಲ್ಲ. ಆದರೂ ಒಂದು ಸೀಮೆಯ ಪ್ರಾಚೀನ ಕಟ್ಟಡಗಳ ಚರಿತ್ರೆಯನ್ನು ಸಮಾಧಾನದಿಂದ ಪರಿಶೀಲಿಸಿದವರಿಗೆ, ಕಟ್ಟಿದವರ ಬಲಕ್ಕಿಂತ ಕಾಪಾಡಿದವರ ಏರ್ಪಾಡೇ ಹೆಚ್ಚು ಕಾಲ ಬಾಳುತ್ತದೆಂಬುದು ಮನವರಿಕೆಯಾಗದೆ ಇರದು. ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ಎಂಬ ನಾಲ್ಕು ಪಟ್ಟಣಗಳ ಸೀಮೆಯು ಈ ಮಾತಿಗೆ ಉತ್ತಮವಾದ ನಿದರ್ಶನವಾಗಿದೆ. ಅಷ್ಟೇ ಅಲ್ಲದೆ, ಕಟ್ಟಡಗಳನ್ನು ಕಾಪಾಡುವ ಏರ್ಪಾಡು ಹೇಗಿರಬೇಕೆಂಬುದನ್ನು ಆರೂವರೆ ಶತಮಾನಗಳ ಹಿಂದೆಯೇ ಕಲ್ಲಿನಲ್ಲಿ ಕೊರೆದಿಟ್ಟ ಊರು ಸಹ ಇದೇ ಸೀಮೆಯಲ್ಲಿದೆ.

ಸೀಮೆಯ ಪರಿಚಯ

ಈ ನಾಲ್ಕು ತಾಲ್ಲೂಕುಗಳು ಬಹುಕಾಲ ಬೆಂಗಳೂರು ಜಿಲ್ಲೆಯ ಭಾಗವಾಗಿದ್ದುವು. 1986ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಸೇರಿ, 2007ರಲ್ಲಿ ರಾಮನಗರ ಜಿಲ್ಲೆ ಎಂದು ಬೇರೆಯಾದುವು. 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂದಿತು. ಅರ್ಕಾವತಿಯು ರಾಮನಗರ, ಕನಕಪುರಗಳ ಮಾರ್ಗವಾಗಿ ಹರಿದು ಸಂಗಮವೆಂಬ ಸ್ಥಳದಲ್ಲಿ ಕಾವೇರಿಯನ್ನು ಕೂಡುತ್ತದೆ. ಕಣ್ವಾ ನದಿಯು ಚನ್ನಪಟ್ಟಣದ ಸೀಮೆಗೆ ನೀರುಣಿಸುತ್ತದೆ. ಎಲ್ಲೆಲ್ಲಿಯೂ ಬೋಳು ಬಂಡೆಯ ಬೆಟ್ಟಗಳು ತಲೆಯೆತ್ತಿ ನಿಂತಿವೆ. ಭೂವಿಜ್ಞಾನಿಗಳು ಈ ಕಲ್ಲಿಗೆ ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಹೆಸರಿಟ್ಟಿದ್ದಾರೆ. ಅದರ ವಯಸ್ಸು ಸುಮಾರು 250 ಕೋಟಿ ವರ್ಷಗಳೆಂದು ಅವರ ಎಣಿಕೆ. ಕಲ್ಲಿಗೆ ಕೊರತೆಯಿಲ್ಲದ ಇಂತಹ ಸೀಮೆಯಲ್ಲಿ ಕೋಟೆಗಳೂ ದೇವಾಲಯಗಳೂ ಹೇರಳವಾಗಿ ಎದ್ದುದರಲ್ಲಿ ಆಶ್ಚರ್ಯವೇನೂ ಇಲ್ಲ.

ಗಂಗರ ಆಳ್ವಿಕೆಯಲ್ಲಿ ಚನ್ನಪಟ್ಟಣ ತಾಲ್ಲೂಕಿನ ಮಂಕುಂದವು ಕೆಲಕಾಲ ರಾಜರ ವಾಸಸ್ಥಾನವಾಗಿತ್ತೆಂದು ಇತಿಹಾಸಕಾರರು ಹೇಳುತ್ತಾರೆ. ಜೈನಧರ್ಮಕ್ಕೆ ಆಶ್ರಯವಿತ್ತು, ಕೊನೆಗಾಲದಲ್ಲಿ ಚಾವುಂಡರಾಯನಂತಹ ಮಂತ್ರಿಯನ್ನು ಪಡೆದು, ಬೆಳಗೊಳದ ಗೊಮ್ಮಟನನ್ನು ನಾಡಿಗೆ ಕಾಣಿಕೆಯಾಗಿ ಬಿಟ್ಟುಹೋದ ಮನೆತನವದು. ಹನ್ನೊಂದನೆಯ ಶತಮಾನದ ಮೊದಲಲ್ಲಿ ಚೋಳರು ತಲಕಾಡನ್ನು ಗೆದ್ದ ಮೇಲೆ ಈ ಸೀಮೆ ಅವರ ವಶವಾಯಿತು. ಚನ್ನಪಟ್ಟಣಕ್ಕೆ ಸಮೀಪದ ದೊಡ್ಡಮಳೂರಿನ ಅಪ್ರಮೇಯಸ್ವಾಮಿ ದೇವಾಲಯವು ದ್ರಾವಿಡ ಶೈಲಿಯಲ್ಲಿದ್ದು ಆ ಕಾಲದ ನೆನಪನ್ನು ಉಳಿಸಿಕೊಂಡಿದೆ. ಅಲ್ಲಿಯ ಅಂಬೆಗಾಲು ಕೃಷ್ಣನ ದರ್ಶನಕ್ಕೆ ಇಂದಿಗೂ ದೂರದೂರದಿಂದ ಭಕ್ತರು ಬರುತ್ತಾರೆ. ಅದೇ ತಾಲ್ಲೂಕಿನ ಅಬ್ಬೂರಿನಲ್ಲಿ ವ್ಯಾಸರಾಯರ ಗುರುಗಳಾದ ಬ್ರಹ್ಮಣ್ಯತೀರ್ಥರ ಬೃಂದಾವನವಿದೆ. ಮಾಗಡಿ ತಾಲ್ಲೂಕಿನ ಸಂಕೀಘಟ್ಟವು ಜೈನ ಬಸದಿಯುಳ್ಳ ಗ್ರಾಮವಾಗಿದೆ.

ಕೋಟೆಗಳ ಗತಿ

ವಿಜಯನಗರದ ಕೊನೆಗಾಲದಲ್ಲಿ ಈ ಸೀಮೆಯು ಪಾಳೆಯಗಾರರ ಕೈಗೆ ಬಂದಿತು. ಪೆನುಗೊಂಡೆಯ ರಕ್ಷಣೆಯಲ್ಲಿ ಶೌರ್ಯ ತೋರಿದ ರಾಣಾ ಜಗದೇವರಾಯನು ಚನ್ನಪಟ್ಟಣವನ್ನು ರಾಜಧಾನಿಯಾಗಿ ಮಾಡಿಕೊಂಡು, ಸುಮಾರು 1580ರಲ್ಲಿ ಅಲ್ಲಿ ಕೋಟೆಯನ್ನು ಕಟ್ಟಿಸಿದನು. ಆ ಮನೆತನದ ಆಳ್ವಿಕೆಯು ಐವತ್ತು ವರ್ಷಗಳಷ್ಟು ಮಾತ್ರ ನಡೆಯಿತು. 1630ರಲ್ಲಿ ಮೈಸೂರಿನ ಚಾಮರಾಜ ಒಡೆಯರು ಚನ್ನಪಟ್ಟಣವನ್ನು ಗೆದ್ದುಕೊಂಡರು.

ಮಾಗಡಿಯ ಕಥೆಯೂ ಇದಕ್ಕಿಂತ ಬಹಳ ಬೇರೆಯಲ್ಲ. 1537ರಲ್ಲಿ ಬೆಂಗಳೂರಿನ ಕೋಟೆ ಪೇಟೆಗಳನ್ನು ಕಟ್ಟಿಸಿದ ಕೆಂಪೇಗೌಡರ ವಂಶದವರು, 1638ರಲ್ಲಿ ಬಿಜಾಪುರದ ಸೇನಾಪತಿ ರಣದುಲ್ಲಾಖಾನನು ಬೆಂಗಳೂರನ್ನು ಹಿಡಿದುಕೊಂಡ ಮೇಲೆ, ಮಾಗಡಿಯನ್ನೇ ತಮ್ಮ ನೆಲೆಯಾಗಿ ಮಾಡಿಕೊಂಡರು. ಸಾವನದುರ್ಗ, ಹುತ್ರಿದುರ್ಗಗಳು ಅವರ ಗಿರಿದುರ್ಗಗಳಾಗಿದ್ದುವು. ಮಾಗಡಿಯ ಸೋಮೇಶ್ವರ ದೇವಾಲಯವು ಆ ವಂಶದವರ ಭಕ್ತಿಗೆ ಸಾಕ್ಷಿಯಾಗಿ ನಿಂತಿದೆ. 1728ರಲ್ಲಿ ಮೈಸೂರಿನ ದಳವಾಯಿ ದೇವರಾಜಯ್ಯನು ಮಾಗಡಿಯನ್ನು ವಶಪಡಿಸಿಕೊಂಡು, ಆ ವಂಶದ ಕೊನೆಯ ಅರಸನನ್ನು ಶ್ರೀರಂಗಪಟ್ಟಣದ ಸೆರೆಗೆ ಕಳುಹಿಸಿದನು. ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿರುವ ಕೆಂಪೇಗೌಡರ ಸಮಾಧಿಯು ಲೋಕದ ಗಮನಕ್ಕೆ ಬಂದುದು 2015ರಲ್ಲಿ. ಒಂದು ಮಹಾನಗರವನ್ನು ಸ್ಥಾಪಿಸಿದ ಪುರುಷನ ಸಮಾಧಿಯು ಅಷ್ಟು ಕಾಲ ಮರೆವಿನಲ್ಲಿ ಬಿದ್ದಿತ್ತೆಂಬುದು ಯೋಚಿಸತಕ್ಕ ವಿಷಯ.

ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರದ ಸಾವನದುರ್ಗವು ಒಂದೇ ಬಂಡೆಯಂತೆ ತೋರುವ ಮಹಾಗಿರಿ. ಇದನ್ನು ಯಾರೂ ಗೆಲ್ಲಲಾರರೆಂಬ ಪ್ರತೀತಿ ಇದ್ದಿತು. ಆದರೆ ಟಿಪ್ಪು ಸುಲ್ತಾನನ ಮೇಲಿನ ಮೂರನೆಯ ಯುದ್ಧದಲ್ಲಿ, 1791ರ ಡಿಸೆಂಬರ್ 21ರಂದು, ಕಾರ್ನ್‌ವಾಲಿಸನ ಸೈನ್ಯವು ಅದನ್ನು ಹಿಡಿದುಕೊಂಡಿತು. ರಾಮಗಿರಿ, ಶಿವನಗಿರಿ, ಹುತ್ರಿದುರ್ಗಗಳೂ ಆ ದಿನಗಳಲ್ಲಿಯೇ ಇಂಗ್ಲಿಷರ ವಶವಾದುವು. ಕಂಕಾನಹಳ್ಳಿ ಎಂದು ಹಿಂದೆ ಕರೆಯುತ್ತಿದ್ದ ಕನಕಪುರದ ಗತಿಯಂತೂ ಇನ್ನೂ ಶೋಚನೀಯ. ಶ್ರೀರಂಗಪಟ್ಟಣದ ಕಡೆಗೆ ನಡೆದ ಇಂಗ್ಲಿಷರ ಸೈನ್ಯಕ್ಕೆ ಆಸರೆಯಾಗಬಾರದೆಂದು ಟಿಪ್ಪುವಿನ ಕಡೆಯವರೇ ಆ ಪಟ್ಟಣವನ್ನು ಎರಡು ಬಾರಿ ಹಾಳುಗೆಡವಿದರು. ಕನಕಪುರ ತಾಲ್ಲೂಕಿನ ಕಬ್ಬಾಳದುರ್ಗವು ಸೆರೆಮನೆಯಾಗಿ ಹೆಸರುಗೊಂಡಿತು. 1734ರಲ್ಲಿ ದಳವಾಯಿಗಳು ಮೈಸೂರಿನ ದೊರೆ ಚಾಮರಾಜ ಒಡೆಯರನ್ನೇ ಪಟ್ಟದಿಂದಿಳಿಸಿ ಅಲ್ಲಿ ಸೆರೆಯಲ್ಲಿಟ್ಟರು.

ಈ ಎಲ್ಲ ದುರ್ಗಗಳನ್ನು ಕಟ್ಟುವುದಕ್ಕೆ ಹಿಡಿದ ಹಣವೆಷ್ಟು, ಬೆವರೆಷ್ಟು ಎಂಬುದನ್ನು ಯಾರೂ ಲೆಕ್ಕವಿಟ್ಟಿಲ್ಲ. ಗೋಡೆಗಳು ಎಷ್ಟೇ ದಪ್ಪವಾಗಿದ್ದರೂ ಅವುಗಳ ಆಯುಸ್ಸು ಆಳುವವನ ಆಯುಸ್ಸಿಗೆ ಗಂಟುಬಿದ್ದಿತ್ತು. ಅರಸನು ಸೋತ ದಿನವೇ ಕೋಟೆಗೆ ಒಡೆಯರಿಲ್ಲದಂತಾಯಿತು. ಒಡೆಯರಿಲ್ಲದ ಕಲ್ಲನ್ನು ಮನೆ ಕಟ್ಟುವವರು ಹೊತ್ತುಕೊಂಡು ಹೋಗುವುದು ಎಲ್ಲ ನಾಡುಗಳಲ್ಲಿಯೂ ನಡೆದುಬಂದ ರೂಢಿಯಾಗಿದೆ.

ಉಳಿದು ಬಂದವು

ಆದರೆ ಅದೇ ಸಾವನದುರ್ಗದ ಬುಡದಲ್ಲಿರುವ ವೀರಭದ್ರಸ್ವಾಮಿ ಮತ್ತು ನರಸಿಂಹಸ್ವಾಮಿ ದೇವಾಲಯಗಳಲ್ಲಿ ಪೂಜೆಯು ನಡೆದುಕೊಂಡೇ ಬರುತ್ತಿದೆ. ಮಾಗಡಿಯ ತಿರುಮಲೆಯಲ್ಲಿ ರಂಗನಾಥಸ್ವಾಮಿಯ ಸನ್ನಿಧಿಯು ಜನರಿಂದ ತುಂಬಿರುತ್ತದೆ. ರಾಮಗಿರಿಯು ಕೋಟೆಯ ಹೆಸರನ್ನು ಕಳೆದುಕೊಂಡು ರಾಮದೇವರ ಬೆಟ್ಟವಾಗಿ, ಪಟ್ಟಾಭಿರಾಮನ ಗುಡಿಯಿಂದ ಪ್ರಸಿದ್ಧವಾಗಿದೆ. 1975ರಲ್ಲಿ ತೆರೆಕಂಡ ಶೋಲೆ ಎಂಬ ಹಿಂದೀ ಚಲನಚಿತ್ರದಿಂದ ಈ ಬೆಟ್ಟದ ಬಂಡೆಗಳು ದೇಶಕ್ಕೆಲ್ಲ ಪರಿಚಿತವಾದುವು. 2012ರಲ್ಲಿ ಸರಕಾರವು ಇದನ್ನು ರಣಹದ್ದುಗಳ ವನ್ಯಧಾಮವೆಂದು ಘೋಷಿಸಿತು. ಹಕ್ಕಿಗಳಿಗೆ ಸಿಕ್ಕಿದ ರಕ್ಷಣೆಯು ಬೆಟ್ಟಕ್ಕೂ ಸಿಕ್ಕಿದಂತಾಯಿತು.

ಚನ್ನಪಟ್ಟಣದ ಶುಕ್ರವಾರ ಪೇಟೆಯ ಉತ್ತರಕ್ಕಿರುವ ಎರಡು ದೊಡ್ಡ ಗೋರಿಗಳನ್ನು ಇಲ್ಲಿ ನೆನೆಯಬೇಕು. ಅವುಗಳಲ್ಲಿ ಒಂದು, ಟಿಪ್ಪು ಸುಲ್ತಾನನ ಧರ್ಮಗುರುವಾದ ಅಕಿಲ್ ಶಾ ಖಾದ್ರಿಯವರದು. ಮತ್ತೊಂದು, ಬೆಂಗಳೂರು ಕೋಟೆಯ ಅಧಿಕಾರಿಯಾಗಿದ್ದ ಸಯ್ಯದ್ ಇಬ್ರಾಹಿಂ ಎಂಬಾತನದು. ಟಿಪ್ಪುವು ಸೆರೆಹಿಡಿದವರನ್ನು ಈತನು ದಯೆಯಿಂದ ನಡೆಸಿಕೊಂಡನೆಂದು ಹಳೆಯ ಗೆಜೆಟಿಯರಿನಲ್ಲಿ ದಾಖಲಾಗಿದೆ. ಗೆದ್ದವರ ಕೋಟೆಗಳು ಕರಗಿಹೋದ ಊರಿನಲ್ಲಿ, ಸೆರೆಯಾಳುಗಳಿಗೆ ಕರುಣೆ ತೋರಿದವನ ಗೋರಿಯು ಹೆಗ್ಗುರುತಾಗಿ ಉಳಿಯಿತು.

ಯುದ್ಧಗಳು ಮುಗಿದ ಮೇಲೆ, ದಿವಾನ್ ಪೂರ್ಣಯ್ಯನವರು 1800ರಲ್ಲಿ ಕಾಡುಮಾರ್ಗದ ಭದ್ರತೆಗಾಗಿ ಒಂದು ಹೊಸ ಪೇಟೆಯನ್ನು ನೆಲೆಗೊಳಿಸಿ, ಇಂಗ್ಲಿಷರ ರೆಸಿಡೆಂಟರಾಗಿದ್ದ ಬ್ಯಾರಿ ಕ್ಲೋಸ್ ಎಂಬವರ ಹೆಸರಿನಲ್ಲಿ ಅದನ್ನು ಕ್ಲೋಸ್‌ಪೇಟೆ ಎಂದು ಕರೆದರು. ಟಿಪ್ಪುವಿನ ಕಾಲದಲ್ಲಿ ಶಂಸೇರಾಬಾದ್ ಎಂದಿದ್ದ ಸ್ಥಳವೇ ಹೀಗೆ ಕ್ಲೋಸ್‌ಪೇಟೆಯಾಗಿ, ಮುಂದೆ ಕೆಂಗಲ್ ಹನುಮಂತಯ್ಯನವರ ಪ್ರಯತ್ನದಿಂದ ರಾಮನಗರವಾಯಿತು. ಹೆಸರುಗಳು ಆಳುವವರೊಡನೆ ಬದಲಾಗುತ್ತವೆ. ಜನರು ದಿನನಿತ್ಯ ನಡೆದುಕೊಳ್ಳುವ ಗುಡಿ, ಕೆರೆ, ದರ್ಗಾಗಳು ಮಾತ್ರ ಬದಲಾವಣೆಗಳ ನಡುವೆಯೂ ನಿಲ್ಲುತ್ತವೆ. ಹಾಗೆ ನಿಲ್ಲುವುದಕ್ಕೆ ಕಾರಣವೇನೆಂಬ ಪ್ರಶ್ನೆಗೆ ಮಾಗಡಿ ತಾಲ್ಲೂಕಿನ ಕಲ್ಯ ಗ್ರಾಮದ ಶಾಸನವು ಸ್ಪಷ್ಟವಾದ ಉತ್ತರವನ್ನು ಕೊಡುತ್ತದೆ.

ಕಲ್ಲೆಹದ ಪಟ್ಟಣ

ಮಾಗಡಿಗೆ ಸಮೀಪದ ಕಲ್ಯವು ಇಂದು ಒಂದು ಚಿಕ್ಕ ಗ್ರಾಮ. ವೀರಶೈವ ಕವಿ ಪಾಲ್ಕುರಿಕೆ ಸೋಮನಾಥನು ಐಕ್ಯನಾದ ಕ್ಷೇತ್ರವೆಂದು ಅದಕ್ಕೆ ಪ್ರಸಿದ್ಧಿಯುಂಟು. ಹದಿನಾಲ್ಕನೆಯ ಶತಮಾನದಲ್ಲಿ ಈ ಊರು ಕಲ್ಲೆಹದ ಪಟ್ಟಣವೆನಿಸಿಕೊಂಡು, ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆಗಳ ಸಾಲಿನಲ್ಲಿ ಎಣಿಸಲ್ಪಡುತ್ತಿದ್ದ ಜೈನರ ನೆಲೆಯಾಗಿತ್ತು.

ವಿಜಯನಗರದ ಬುಕ್ಕರಾಯನ ಕಾಲದಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವಿವಾದವುಂಟಾಯಿತು. ತಮಗೆ ಅನ್ಯಾಯವಾಗುತ್ತಿದೆಯೆಂದು ಈ ನಾಲ್ಕು ಪಟ್ಟಣಗಳೂ ಸೇರಿದಂತೆ ಸಮಸ್ತ ನಾಡುಗಳ ಜೈನರು ಅರಸನಲ್ಲಿ ಬಿನ್ನವಿಸಿಕೊಂಡರು. ಶಕವರ್ಷ 1290ರ ಕೀಲಕ ಸಂವತ್ಸರದ ಭಾದ್ರಪದ ಮಾಸದಲ್ಲಿ, ಎಂದರೆ ಕ್ರಿ.ಶ. 1368ರಲ್ಲಿ, ಬುಕ್ಕರಾಯನು ಇದರ ತೀರ್ಪನ್ನಿತ್ತನು. ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆ ಮುಂತಾದ ಕ್ಷೇತ್ರಗಳ ಆಚಾರ್ಯರನ್ನೂ ಹದಿನೆಂಟು ನಾಡಿನ ಶ್ರೀವೈಷ್ಣವರನ್ನೂ ಕೂಡಿಸಿ, ಅವರೆಲ್ಲರ ಎದುರಿಗೆ ಜೈನರ ಕೈಯನ್ನು ಹಿಡಿದು ಶ್ರೀವೈಷ್ಣವರ ಕೈಯಲ್ಲಿರಿಸಿದನು. ಆ ಸಭೆಯಲ್ಲಿ ತಿರುಕುಲ, ಜಾಂಬವಕುಲಗಳವರೂ ಎಣಿಕೆಗೆ ಬಂದಿದ್ದುದು ಗಮನಾರ್ಹವಾಗಿದೆ. ವೈಷ್ಣವ ದರ್ಶನಕ್ಕೂ ಜೈನ ದರ್ಶನಕ್ಕೂ ಭೇದವಿಲ್ಲವೆಂದೂ, ಜೈನರಿಗೆ ಹಿಂದಿನಂತೆಯೇ ಪಂಚಮಹಾವಾದ್ಯಗಳೂ ಕಲಶವೂ ಸಲ್ಲತಕ್ಕವೆಂದೂ, ಜೈನ ದರ್ಶನಕ್ಕೆ ಭಕ್ತರಿಂದ ಹಾನಿಯಾಗಲಿ ವೃದ್ಧಿಯಾಗಲಿ ಉಂಟಾದರೆ ಅದನ್ನು ವೈಷ್ಣವರು ತಮ್ಮದೆಂದೇ ಬಗೆಯಬೇಕೆಂದೂ ಕಟ್ಟಳೆಯಾಯಿತು. ರಾಜ್ಯದ ಬಸದಿಗಳಲ್ಲೆಲ್ಲ ಈ ಶಾಸನವನ್ನು ನೆಡಿಸುವ ಹೊಣೆಯೂ ಶ್ರೀವೈಷ್ಣವರ ಮೇಲೆ ಬಂದಿತು.

ಈ ಶಾಸನದ ಒಂದು ಪ್ರತಿ ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿದೆ. ಹೊಯ್ಸಳ ನರಸಿಂಹನ ಭಂಡಾರಿಯಾದ ಹುಳ್ಳನು 1159ರಲ್ಲಿ ಕಟ್ಟಿಸಿದ ಬಸದಿಯದು. ಮತ್ತೊಂದು ಪ್ರತಿ ಕಲ್ಯದಲ್ಲಿ ದೊರೆತುದನ್ನು ರೈಸ್ ಸಾಹೇಬರು 1905ರಲ್ಲಿ ಪ್ರಕಟಿಸಿದ ಬೆಂಗಳೂರು ಜಿಲ್ಲೆಯ ಶಾಸನಗಳ ಸಂಪುಟದಲ್ಲಿ ಮಾಗಡಿ ತಾಲ್ಲೂಕಿನ ಭಾಗದಲ್ಲಿ ಸೇರಿಸಿದ್ದಾರೆ.

ಸೊದೆಯ ಲೆಕ್ಕ

ಮತಸಾಮರಸ್ಯಕ್ಕೆ ನಿದರ್ಶನವಾಗಿ ಈ ಶಾಸನವನ್ನು ಎಲ್ಲರೂ ಉದಾಹರಿಸುತ್ತಾರೆ. ಅದು ಯುಕ್ತವೇ ಸರಿ. ಆದರೆ ಅದರ ಉತ್ತರಾರ್ಧದಲ್ಲಿರುವ ಹಣಕಾಸಿನ ಏರ್ಪಾಡನ್ನು ಗಮನಿಸಿದವರು ವಿರಳ. ಬರಿಯ ಸದ್ಭಾವನೆಯ ಮಾತಿನಿಂದ ಕಟ್ಟಡ ನಿಲ್ಲದೆಂಬುದನ್ನು ಆ ಕಾಲದವರು ಚೆನ್ನಾಗಿ ಅರಿತಿದ್ದರು. ಆದುದರಿಂದ ರಾಜ್ಯದ ಜೈನರು ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಕೊಡತಕ್ಕದ್ದೆಂದು ನಿಶ್ಚಯಿಸಲಾಯಿತು. ಹಣವೆಂದರೆ ವರಹದ ಹತ್ತನೆಯ ಒಂದು ಪಾಲಿನ ಚಿಕ್ಕ ಚಿನ್ನದ ನಾಣ್ಯ. ಅದನ್ನು ಕೂಡಿಸುವ ಅಧಿಕಾರವನ್ನು ತಿರುಮಲೆಯ ತಾತಯ್ಯನಿಗೆ ಒಪ್ಪಿಸಲಾಯಿತು. ಈ ತಿರುಮಲೆಯು ಮಾಗಡಿಯ ತಿರುಮಲೆಯಲ್ಲ, ವೆಂಕಟಾಚಲದ ತಿರುಮಲೆ. ಕೂಡಿದ ಹಣದಲ್ಲಿ ಬೆಳಗೊಳದ ದೇವರ ಅಂಗರಕ್ಷೆಗೆ 20 ಆಳುಗಳನ್ನು ನೇಮಿಸಿ, ಮಿಕ್ಕ ಹೊನ್ನಿನಿಂದ ಜೀರ್ಣವಾದ ಜಿನಾಲಯಗಳಿಗೆ ಸೊದೆಯನ್ನು ಹಾಕಿಸಬೇಕು. ಇದಕ್ಕೆ ತಪ್ಪಿದವನು ರಾಜದ್ರೋಹಿ, ಸಂಘದ್ರೋಹಿ.

ವ್ಯಾಪಾರದ ಲೆಕ್ಕವನ್ನು ಬಲ್ಲವರಿಗೆ ಈ ಏರ್ಪಾಡಿನ ಜಾಣ್ಮೆಯು ತಕ್ಷಣವೇ ತಿಳಿಯುತ್ತದೆ. ಇಲ್ಲಿ ಒಬ್ಬ ದೊರೆಯ ದೊಡ್ಡ ದತ್ತಿಯಿಲ್ಲ; ಮನೆಮನೆಯ ಚಿಕ್ಕ ವಂತಿಗೆಯಿದೆ. ದತ್ತಿಯ ಭೂಮಿ ಕೈತಪ್ಪಬಹುದು, ದೊರೆಯ ವಂಶ ಅಳಿಯಬಹುದು. ಮನೆಮನೆಯ ಒಂದು ಹಣವು ಮನೆಗಳಿರುವವರೆಗೂ ಬರುತ್ತದೆ. ವೆಚ್ಚಗಳಲ್ಲಿಯೂ ಕ್ರಮವಿದೆ. ಕಾವಲು ಮೊದಲು, ಮಿಕ್ಕುದೆಲ್ಲ ದುರಸ್ತಿಗೆ. ಹೊಸ ಕಟ್ಟಡದ ಮಾತೇ ಇಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಹಣವನ್ನು ಕೂಡಿಸಿ ವೆಚ್ಚಮಾಡುವ ಹೊಣೆಯನ್ನು ನಿನ್ನೆಯವರೆಗೆ ವಿರೋಧಿಗಳಾಗಿದ್ದ ಪಕ್ಷದ ಆಚಾರ್ಯನಿಗೇ ಕೊಟ್ಟಿದೆ. ನೆರೆಯವನ ದೇವಾಲಯವು ಸೋರಿದರೆ ಅದರ ಲೆಕ್ಕವನ್ನು ತಾನೇ ಒಪ್ಪಿಸಬೇಕಾದವನು ಆ ದೇವಾಲಯಕ್ಕೆ ಕೇಡು ಬಗೆಯುವುದು ಹೇಗೆ?

ಶಾಸನದ ಕೊನೆಯಲ್ಲಿ ಕಲ್ಲೆಹದ ಒಬ್ಬ ವರ್ತಕನ ಹೆಸರು ಕಾಣಿಸಿಕೊಳ್ಳುತ್ತದೆ. ಹರ್ವಿಸೆಟ್ಟಿಯ ಮಗನಾದ ಬುಸುವಿಸೆಟ್ಟಿಯು ಬುಕ್ಕರಾಯನಿಗೆ ಬಿನ್ನವಿಸಿ, ತಿರುಮಲೆಯ ತಾತಯ್ಯನನ್ನು ಬರಮಾಡಿಕೊಂಡು ಜೀರ್ಣೋದ್ಧಾರವನ್ನು ಮಾಡಿಸಿದನು. ಆಗ ಎರಡು ಸಮಯದವರೂ ಕೂಡಿ ಅವನಿಗೆ ಸಂಘನಾಯಕನ ಪಟ್ಟವನ್ನು ಕಟ್ಟಿದರು. ಬುಸುವಿಸೆಟ್ಟಿಯು ಕೋಟೆಯನ್ನು ಕಟ್ಟಿದವನಲ್ಲ, ಕತ್ತಿಯನ್ನು ಹಿಡಿದವನಲ್ಲ. ಅರಮನೆಗೂ ಆಚಾರ್ಯನ ಬಾಗಿಲಿಗೂ ನಡೆದು, ಹಳೆಯದನ್ನು ಸರಿಪಡಿಸಿದವನು. ಜಗದೇವರಾಯನ ಕೋಟೆಗಿಂತ ಎರಡು ಶತಮಾನಗಳ ಹಿಂದಿನ ಈ ಸೆಟ್ಟಿಯ ಹೆಸರು ಇಂದಿಗೂ ಕಲ್ಲಿನ ಮೇಲೆ ಓದುವಂತಿದೆ. ಅವನಿಗೆ ಪಟ್ಟ ಕಟ್ಟಿದವರಲ್ಲಿ ಅನ್ಯಮತದವರೂ ಇದ್ದರೆಂಬುದು ಆ ಹೆಸರಿಗೆ ಇಮ್ಮಡಿ ಗೌರವವನ್ನು ತಂದಿದೆ.

ಇಂದಿನ ಕರ್ತವ್ಯ

ಈ ಸೀಮೆಗೆ ಇಂದು ಯುದ್ಧದ ಭಯವಿಲ್ಲ. ಬೇರೊಂದು ಬಗೆಯ ಒತ್ತಡವಿದೆ. 2023ರಲ್ಲಿ ಬೆಂಗಳೂರು ಮೈಸೂರು ನಡುವೆ ವೇಗಮಾರ್ಗವು ತೆರೆದ ಮೇಲೆ ಪ್ರಯಾಣಿಕರು ರಾಮನಗರ, ಚನ್ನಪಟ್ಟಣಗಳನ್ನು ಹೊಕ್ಕು ನೋಡದೆಯೇ ದಾಟಿಹೋಗುತ್ತಾರೆ. ರಾಜಧಾನಿಯು ಬೆಳೆಯುತ್ತ ಬಂದಂತೆ ನೆಲದ ಬೆಲೆಯೂ ಕಲ್ಲಿನ ಬೇಡಿಕೆಯೂ ಏರಿವೆ. 1958ರ ಕೇಂದ್ರ ಕಾನೂನು, 1961ರ ರಾಜ್ಯ ಕಾನೂನುಗಳು ಘೋಷಿತ ಸ್ಮಾರಕಗಳಿಗೆ ರಕ್ಷಣೆಯನ್ನು ಕೊಡುತ್ತವೆ. ಆದರೆ ಊರ ಬದಿಯ ಒಂಟಿ ಶಾಸನ, ವೀರಗಲ್ಲು, ಮುರುಕು ಮಂಟಪ, ಕೆರೆಯ ತೂಬುಗಳಂತಹ ಅಸಂಖ್ಯಾತ ಅವಶೇಷಗಳಿಗೆ ಊರಿನವರ ಕಣ್ಣೇ ಕಾವಲು.

ಇದಕ್ಕೆ ಹೆಚ್ಚಿನ ದ್ರವ್ಯವೇನೂ ಬೇಕಾಗಿಲ್ಲ. ಗೋಪುರದ ಸಂದಿನಲ್ಲಿ ಮೊಳೆತ ಅರಳಿಯ ಸಸಿಯನ್ನು ಬೆರಳುದ್ದವಿರುವಾಗಲೇ ಕಿತ್ತರೆ, ಹತ್ತು ವರ್ಷಗಳ ಮೇಲೆ ಗೋಡೆಯನ್ನು ಬಿಚ್ಚಿ ಕಟ್ಟುವ ವೆಚ್ಚವು ಉಳಿಯುತ್ತದೆ. ಮಾಳಿಗೆಯ ನೀರು ಹೋಗುವ ದೋಣಿಯನ್ನು ಮಳೆಗಾಲಕ್ಕೆ ಮುಂಚೆ ತೆರವು ಮಾಡಿದರೆ ಸೋರುವಿಕೆಯ ಬಹುಪಾಲು ನಿಲ್ಲುತ್ತದೆ. ಶಾಸನವು ಹೇಳಿದ ಸೊದೆಯು ಸುಣ್ಣದ ಗಾರೆ. ಮರಳಿನೊಡನೆ ಅರೆದು, ಬೆಲ್ಲದ ನೀರು, ಅಳಲೆಕಾಯಿಯ ಕಷಾಯಗಳನ್ನು ಸೇರಿಸಿ ಹದಗೊಳಿಸುತ್ತಿದ್ದ ಈ ಗಾರೆಯು ಕಲ್ಲಿನೊಳಗಿನ ತೇವವನ್ನು ಹೊರಕ್ಕೆ ಬಿಡುತ್ತದೆ. ಅವಸರದಲ್ಲಿ ಬಳಿಯುವ ಸಿಮೆಂಟು ಅದನ್ನು ಒಳಗೇ ಕಟ್ಟಿಹಾಕಿ, ಹಳೆಯ ಗೋಡೆಯನ್ನು ಕೆಡಿಸುತ್ತದೆ. ಭಕ್ತಿಯಿಂದಲೇ ಆದರೂ ಶಾಸನದ ಕಲ್ಲಿಗೆ ಎಣ್ಣೆಬಣ್ಣವನ್ನು ಬಳಿದರೆ ಅಕ್ಷರಗಳು ಮುಚ್ಚಿಹೋಗುತ್ತವೆ. ಕಲ್ಲನ್ನು ಸ್ಥಳದಿಂದ ಕಿತ್ತು ಬೇರೆಡೆಗೆ ಸಾಗಿಸಿದರೆ ಅದರ ಚರಿತ್ರೆಯ ಅರ್ಧಭಾಗವು ಅಲ್ಲಿಯೇ ನಷ್ಟವಾಗುತ್ತದೆ. ಪ್ರತಿಯೊಂದು ಊರಿನವರೂ ತಮ್ಮ ಎಲ್ಲೆಯೊಳಗಿನ ಹಳೆಯ ಕಲ್ಲುಗಳ ಪಟ್ಟಿಯೊಂದನ್ನು ಬರೆದಿಟ್ಟು, ವರ್ಷಕ್ಕೊಮ್ಮೆ ಆ ಪಟ್ಟಿಯನ್ನು ಹಿಡಿದು ನೋಡಿಬಂದರೆ, ಯಾವುದು ಕಾಣೆಯಾಯಿತೆಂಬುದಾದರೂ ತಿಳಿಯುತ್ತದೆ.

ಹೊಸ ಬಸದಿಯ ಶಿಖರಕ್ಕೆ ಕಲಶವನ್ನೇರಿಸುವ ಶುಭದಿನದಲ್ಲಿ ಪಂಚಮಹಾವಾದ್ಯಗಳು ಮೊಳಗುತ್ತವೆ. ಈ ಕಲಶ, ಈ ವಾದ್ಯಗಳ ಹಕ್ಕಿಗಾಗಿಯೇ ಕಲ್ಲೆಹದ ಶ್ರಾವಕರು 1368ರಲ್ಲಿ ಅರಸನ ಬಾಗಿಲಿಗೆ ನಡೆದರೆಂಬುದನ್ನು ಧರ್ಮಬಂಧುಗಳು ಮರೆಯತಕ್ಕದ್ದಲ್ಲ. ಆ ಹಕ್ಕಿನೊಡನೆಯೇ ಅವರು ಒಪ್ಪಿಕೊಂಡುದು ವರ್ಷಕ್ಕೊಂದು ಹಣದ ಕರ್ತವ್ಯವನ್ನು. ಕಲಶವು ಒಂದು ದಿನದಲ್ಲಿ ಏರುತ್ತದೆ; ಸೊದೆಯನ್ನು ಮಾತ್ರ ಪ್ರತಿ ತಲೆಮಾರಿನವರೂ ಹಾಕಿಸಬೇಕಾಗುತ್ತದೆ. ಪ್ರತಿಷ್ಠೆಯ ಮಾರನೆಯ ದಿನದಿಂದಲೇ ಜೀರ್ಣೋದ್ಧಾರದ ನಿಧಿಗೆ ಮನೆಮನೆಯಿಂದ ಅಲ್ಪವಾದರೂ ಕಾಣಿಕೆಯು ಸಲ್ಲತೊಡಗಿದರೆ, ಮತ್ತು ಆ ನಿಧಿಯ ಒಂದು ಪಾಲು ನೆರೆಯೂರಿನ ಹಾಳುಗುಡಿಗೂ ಹರಿದರೆ, ಬುಸುವಿಸೆಟ್ಟಿಯು ನಡೆದ ದಾರಿಯು ಮುಂದುವರಿದಂತಾಗುತ್ತದೆ.